ಬೂದಿಯೊಳಗಿಂದ ಲೋಹ ತೆಗೆದ ಸರ್ ಹಂಫ್ರಿ ಡೇವಿ



ನಮ್ಮ ಮನೆಯಲ್ಲಿ ನೀರು ಕಾಸುವ ಒಲಿಯ ಬೂದಿಯನ್ನು ಆಯಿ ಚೆಲ್ಲಗೊಡುವುದಿಲ್ಲ. ಸೋಸಿ ಹಳೇ ಡಬ್ಬಿಯಲ್ಲಿ ತುಂಬಿ ಇಡುತ್ತಾಳೆ. ಜಿಡ್ಡಿನ ಭಾಂಡೆ ತಿಕ್ಕಲು ಅದೇ ಬೇಕು ಅಂತಾಳೆ. ಸಾಬೂನು ಸಿಗದ ಕಾಲದಲ್ಲಿ ಸವಳು ಮಣ್ಣು ತಂದು ಅರಿವೆ ಒಗೆಯುತ್ತಿದ್ದರು ಎಂದೂ ಹೇಳುತ್ತಾಳೆ. ಸವಳು ಅಂದರೆ ನಮಗೆಲ್ಲ ಗೊತ್ತು. ಬ್ಯಾಸಿಗೆಯಲ್ಲಿ ನೆಲದ ಮೇಲೆ ಬೆಳ್ಳಗೆ ಉಪ್ಪು ಉಕ್ಕಿ ಬಂದು ಬೆಳೆಯನ್ನು ಕೆಡಿಸುವ ಮಣ್ಣು ಅದು. ಬೂದಿಯಲ್ಲಿರುವ ಕ್ಷಾರಕ್ಕೆ ಪೊಟ್ಯಾಷ್ ಎನ್ನುತ್ತಾರೆ, ಸವಳಿನಲ್ಲಿರುವ ಕ್ಷಾರಕ್ಕೆ ಸೋಡಾ ಎನ್ನುತ್ತಾರೆ. ಈ ಎರಡರೊಳಗೂ ಬೆಳ್ಳಿಯಂತೆ ಹೊಳೆಯುವ ಒಂದೊಂದು ಲೋಹ ಅಡಗಿದೆ ಎಂದು ನಾನು ಹೇಳಿದರೆ ಆಯಿ ನಗುತ್ತಾಳೆ. ಆಕೆಯದೇನೂ ತಪ್ಪಿಲ್ಲ. 1807ಕ್ಕಿಂತ ಮೊದಲು ಆ ಲೋಹಗಳನ್ನು ಜಗತ್ತಿನಲ್ಲಿ ಯಾರೂ ಕಣ್ಣಿಂದ ಕಂಡಿರಲಿಲ್ಲ. ಹೀಗೇನಾದರೂ ಇರಬಹುದು ಎಂದು ಕೆಲವರಿಗೆ ಅನುಮಾನ ಇತ್ತು ಅಷ್ಟೇ. ಅವನ್ನು ಕರೆಂಟಿನ ಬಲದಿಂದ ಹೊರಗೆ ಎಳೆದು ತೋರಿಸಿದವರು ಇಂಗ್ಲೆಂಡಿನ ವಿಜ್ಞಾನಿ ಸರ್ ಹಂಫ್ರಿ ಡೇವಿ.

ಡೇವಿಯವರು 1778ನೇ ಇಸವಿ ಡಿಸೆಂಬರ್ 17ರಂದು ಕಾರ್ನ್‌ವಾಲ್ ಪ್ರಾಂತದ ಪೆನ್ಜಾನ್ಸ್ ಎಂಬ ಸಮುದ್ರ ದಂಡೆಯ ಊರಿನಲ್ಲಿ ಹುಟ್ಟಿದರು. ಆ ಕಡೆ ತವರ ಮತ್ತು ತಾಮ್ರದ ಗಣಿಗಳು ಬಹಳ. ತಂದೆ ರಾಬರ್ಟ್ ಕಟ್ಟಿಗೆ ಕೆತ್ತನೆ ಕೆಲಸದವರು. ಐದು ಮಕ್ಕಳಲ್ಲಿ ಹಂಫ್ರಿಯೇ ಹಿರಿಯ. 1794ರಲ್ಲಿ ತಂದೆ ತೀರಿಕೊಂಡರು, ಮನೆ ಮೇಲೆ ಸಾಲ ಉಳಿಯಿತು. ತಾಯಿ ಗ್ರೇಸ್ ಹೆಂಗಸರ ಟೋಪಿ ಮುಂತಾದವನ್ನು ಮಾರುವ ಅಂಗಡಿ ಹಾಕಿ ಮಕ್ಕಳನ್ನು ಸಾಕಿದರು. ಮರುವರ್ಷ ಹಂಫ್ರಿಯನ್ನು ಊರಿನ ವೈದ್ಯ ಬೊರ್ಲೇಸ್ ಎಂಬುವರ ಕೈಕೆಳಗೆ ಕೆಲಸ ಕಲಿಯಲು ಬಿಟ್ಟರು. ಔಷಧ ಅರೆಯುವುದು, ಬೆರೆಸುವುದು ಅವರ ಕೆಲಸ. ಅಲ್ಲೇ ಫ್ರಾನ್ಸಿನ ಲವಾಸಿಯೇ ಬರೆದ ರಸಾಯನಶಾಸ್ತ್ರದ ಪುಸ್ತಕ ಓದಿದರು. ಅವರು ಕಾಲೇಜು ಮೆಟ್ಟಿಲು ಹತ್ತಲೇ ಇಲ್ಲ. ಕಲಿತಿದ್ದೆಲ್ಲ ಔಷಧದ ಸೀಸೆ ಮತ್ತು ಪುಸ್ತಕದಿಂದ.

1798ರಲ್ಲಿ ಬ್ರಿಸ್ಟಲ್ ಊರಿನ ಬೆಡೋಸ್ ಎಂಬ ವೈದ್ಯರು ಅವರನ್ನು ಕರೆಸಿಕೊಂಡರು. ಬೇರೆ ಬೇರೆ ಅನಿಲಗಳನ್ನು ರೋಗಿಗಳಿಗೆ ಕುಡಿಸಿ ರೋಗ ವಾಸಿ ಮಾಡಬಹುದೇ ಎಂದು ನೋಡುವ ಸಂಸ್ಥೆ ಅದು. ಡೇವಿ ಮೊದಲು ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಳ್ಳುತ್ತಿದ್ದರು. ಒಮ್ಮೆ ಒಂದು ವಿಷಾನಿಲ ಎಳೆದುಕೊಂಡು ಸಾಯುವುದೊಂದು ಬಾಕಿ ಇತ್ತು. ನಗೆ ಬರಿಸುವ ಅನಿಲದ ಗುಣವನ್ನು 1799ರಲ್ಲಿ ಕಂಡುಕೊಂಡರು. ಅದೇ ವರ್ಷ ನಮ್ಮ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನ್ ಯುದ್ಧದಲ್ಲಿ ಮಡಿದದ್ದು. ಈ ಅನಿಲ ನೋವನ್ನು ಮರೆಸುತ್ತದೆ, ಆಪರೇಷನ್ ಮಾಡುವಾಗ ಉಪಯೋಗಕ್ಕೆ ಬಂದೀತು ಎಂದು ಡೇವಿ 1800ರಲ್ಲಿ ಪುಸ್ತಕದಲ್ಲಿ ಬರೆದರು. ಆದರೆ ವೈದ್ಯರು ಅದನ್ನು ಬಳಸಲು ಶುರು ಮಾಡಿದ್ದು ನಲವತ್ತು ವರ್ಷಗಳ ಮೇಲೆ. ಅಷ್ಟು ವರ್ಷ ಎಷ್ಟು ಜನ ಎಚ್ಚರ ಇದ್ದಾಗಲೇ ಕೊಯ್ಸಿಕೊಂಡರೋ, ನೆನೆಸಿದರೆ ಮೈ ಜುಮ್ಮೆನ್ನುತ್ತದೆ.

ಅದೇ 1800ರಲ್ಲಿ ಇಟಲಿಯ ವೋಲ್ಟಾ ಮೊದಲ ಬ್ಯಾಟರಿಯ ಸುದ್ದಿ ಕಳಿಸಿದರು. ಒಂದು ಲೋಹದ ಬಿಲ್ಲೆ, ಅದರ ಮೇಲೆ ಸತುವಿನ ಬಿಲ್ಲೆ, ಮೇಲೆ ಉಪ್ಪುನೀರಿನಲ್ಲಿ ತೊಯಿಸಿದ ಅರಿವೆ, ಮತ್ತೆ ಬಿಲ್ಲೆ, ಹೀಗೆ ಬುಟ್ಟಿಯಲ್ಲಿ ರೊಟ್ಟಿ ಒಟ್ಟಿದಂತೆ ಒಟ್ಟುತ್ತಾ ಹೋಗುವುದು. ಮೇಲಿನ ಬಿಲ್ಲೆಗೂ ಕೆಳಗಿನ ಬಿಲ್ಲೆಗೂ ತಂತಿ ಹಚ್ಚಿದರೆ ಕರೆಂಟು ಹರಿಯುತ್ತದೆ. ಕೆಲವೇ ವಾರಗಳಲ್ಲಿ ಇಂಗ್ಲೆಂಡಿನ ನಿಕಲ್ಸನ್ ಮತ್ತು ಕಾರ್ಲೈಲ್ ಎಂಬ ಇಬ್ಬರು ಆ ತಂತಿಗಳನ್ನು ನೀರಿಗೆ ಹಾಕಿ ನೀರನ್ನೇ ಜಲಜನಕ, ಆಮ್ಲಜನಕ ಎಂದು ಒಡೆದು ಬಿಟ್ಟರು. ಇದನ್ನು ನಮ್ಮ ಗುರುಗಳು ನಮಗೂ ಮಾಡಿ ತೋರಿಸಿದ್ದಾರೆ. ಗ್ಲಾಸಿನ ನೀರಿಗೆ ಚೂರು ವಾಷಿಂಗ್ ಸೋಡಾ ಹಾಕಿ, ಎರಡು ಪೆನ್ಸಿಲ್ ಕಡ್ಡಿ ಮುಳುಗಿಸಿ, ನಾಲ್ಕು ಟಾರ್ಚ್ ಸೆಲ್ ಜೋಡಿಸಿದಾಗ ಗುಳ್ಳೆಗಳು ಎದ್ದವು. ಋಣ ತುದಿಯಲ್ಲಿ ಜಾಸ್ತಿ, ಧನ ತುದಿಯಲ್ಲಿ ಕಡಿಮೆ. ಆವತ್ತು ನಾನೊಂದು ಪ್ರಶ್ನೆ ಕೇಳಿದ್ದೆ. ನೀರು ಒಡೆಯಿತು, ಸರಿ. ಒಳಗಿದ್ದ ಸೋಡಾ ಯಾಕೆ ಒಡೆಯಲಿಲ್ಲ? ಗುರುಗಳು ಇದೇ ಪ್ರಶ್ನೆ ಡೇವಿಗೂ ಬಂದಿತ್ತು ಎಂದರು. ಈ ಲೇಖನ ಬರೆಯಲು ಅದೇ ಕಾರಣ.

1801ರಲ್ಲಿ ಡೇವಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ ಸೇರಿದರು. ಅವರ ಭಾಷಣ ಕೇಳಲು ಜನ ಜಾತ್ರೆಯಂತೆ ಸೇರುತ್ತಿದ್ದರು. ಕುದುರೆ ಗಾಡಿಗಳು ಎಷ್ಟಾಗುತ್ತಿದ್ದವೆಂದರೆ ಆ ಬೀದಿಯಲ್ಲಿ ಒಂದೇ ಕಡೆಯಿಂದ ಹೋಗಬೇಕೆಂದು ನಿಯಮ ಮಾಡಿದರಂತೆ. ಆದರೆ ನಾನು ಹೇಳಬೇಕಾದದ್ದು ಭಾಷಣದ ಮಾತಲ್ಲ, ಕೆಳಗಿನ ಮನೆಯ ಪ್ರಯೋಗಶಾಲೆಯ ಮಾತು.

1807ರ ಅಕ್ಟೋಬರ್ ತಿಂಗಳು. ಡೇವಿಯವರ ಹತ್ತಿರ ದೊಡ್ಡ ಬ್ಯಾಟರಿಗಳು ಇದ್ದವು. 12 ಇಂಚು ಚೌಕದ 24 ತಗಡು, 6 ಇಂಚಿನ 100, 4 ಇಂಚಿನ 150, ಎಲ್ಲ ತಾಮ್ರ ಮತ್ತು ಸತುವಿನವು. ಮೊದಲು ಅವರು ಪೊಟ್ಯಾಷನ್ನು ನೀರಿನಲ್ಲಿ ಕರಗಿಸಿ ಕರೆಂಟು ಬಿಟ್ಟರು. ಬರೀ ನೀರು ಒಡೆಯಿತು. ನಮ್ಮ ಗ್ಲಾಸಿನಲ್ಲಿ ಆದದ್ದೇ ಅಲ್ಲಿಯೂ ಆಯಿತು. ಪೊಟ್ಯಾಷ್ ತನ್ನ ಲೋಹವನ್ನು ಗಟ್ಟಿಯಾಗಿ ಹಿಡಿದಿರುತ್ತದೆ. ನೀರು ಅದಕ್ಕಿಂತ ಸುಲಭವಾಗಿ ಒಡೆಯುವುದರಿಂದ ಕರೆಂಟು ನೀರಿನ ಮೇಲೆಯೇ ಖರ್ಚಾಗಿ ಹೋಗುತ್ತದೆ. ಹಾಗಾದರೆ ನೀರೇ ಬೇಡ ಎಂದು ಒಣ ಪೊಟ್ಯಾಷಿಗೆ ತಂತಿ ಹಚ್ಚಿದರು. ಕರೆಂಟು ಹರಿಯಲೇ ಇಲ್ಲ. ಒಣಗಿದ ಕ್ಷಾರದಲ್ಲಿ ಕರೆಂಟು ಹೊತ್ತೊಯ್ಯುವ ಕಣಗಳು ತಮ್ಮ ಜಾಗ ಬಿಟ್ಟು ಅಲುಗಾಡುವುದಿಲ್ಲ. ನೀರು ಹಾಕಿದರೆ ನೀರು ಅಡ್ಡ ಬರುತ್ತದೆ, ಹಾಕದಿದ್ದರೆ ದಾರಿಯೇ ಇಲ್ಲ.

ಆಗ ಡೇವಿ ಬೆಂಕಿಯ ದಾರಿ ಹಿಡಿದರು. ಪ್ಲಾಟಿನಂ ಚಮಚದಲ್ಲಿ ಪೊಟ್ಯಾಷ್ ಇಟ್ಟು, ಸ್ಪಿರಿಟ್ ದೀಪದ ಉರಿಗೆ ಆಮ್ಲಜನಕ ಊದಿ, ಕೆಂಪಗೆ ಕಾಯಿಸಿ ನೀರಿನಂತೆ ಮಾಡಿದರು. ಈಗ ಕರೆಂಟು ಹರಿಯಿತು. ಋಣ ತುದಿಯ ಹತ್ತಿರ ಕಣ್ಣು ಕುಕ್ಕುವ ಬೆಳಕು ಬಂತು, ಉರಿ ಎದ್ದಿತು. ಏನೋ ಹುಟ್ಟುತ್ತಿದೆ, ಹುಟ್ಟಿದ ಕೂಡಲೇ ಸುಟ್ಟು ಹೋಗುತ್ತಿದೆ ಎಂದು ಅವರಿಗೆ ತಿಳಿಯಿತು. ಆದರೆ ಕೈಗೆ ಸಿಗುತ್ತಿಲ್ಲ.

ಕೊನೆಗೆ ಒಂದು ಉಪಾಯ ಮಾಡಿದರು. ಪೊಟ್ಯಾಷಿನ ಚೂರನ್ನು ಸ್ವಲ್ಪ ಹೊತ್ತು ಗಾಳಿಗೆ ಇಟ್ಟರು. ಅದು ಗಾಳಿಯ ತೇವ ಹೀರಿ ಮೇಲ್ಮೈ ಮಾತ್ರ ಪಸೆಯಾಯಿತು. ಮಳೆಗಾಲದಲ್ಲಿ ಉಪ್ಪಿನ ಡಬ್ಬಿ ನೋಡಿದವರಿಗೆ ಇದು ಅರ್ಥವಾಗುತ್ತದೆ. ಅದನ್ನು ಪ್ಲಾಟಿನಂ ತಟ್ಟೆಯ ಮೇಲಿಟ್ಟು ತಟ್ಟೆಗೆ ಋಣ ತುದಿ, ಮೇಲಿನಿಂದ ಪ್ಲಾಟಿನಂ ತಂತಿಯಲ್ಲಿ ಧನ ತುದಿ ಹಚ್ಚಿದರು. ಕರೆಂಟು ತನ್ನ ಶಾಖದಿಂದಲೇ ಪೊಟ್ಯಾಷನ್ನು ಕರಗಿಸಿತು. ಮೇಲೆ ಗುಳ್ಳೆ ಬಂತು. ಕೆಳಗೆ ತಟ್ಟೆಗೆ ತಾಗಿದ ಕಡೆ ಪಾದರಸದ ಹನಿಗಳಂತೆ ಚಿಕ್ಕ ಚಿಕ್ಕ ಗುಂಡುಗಳು ಕಾಣಿಸಿದವು. ಕೆಲವು ಪಟ್ ಎಂದು ಸಿಡಿದು ಉರಿದವು. ಕೆಲವು ಉಳಿದು ಮೇಲೆ ಬಿಳಿ ಪೊರೆ ಕಟ್ಟಿದವು. ಅದೇ ಪೊಟ್ಯಾಸಿಯಂ. ಆಗ ಡೇವಿ ಸಂತೋಷ ತಡೆಯದೆ ಪ್ರಯೋಗಶಾಲೆಯ ತುಂಬ ಕುಣಿದಾಡಿದರಂತೆ. ಅವರಿಗೆ ಸಹಾಯ ಮಾಡುತ್ತಿದ್ದ ಸಂಬಂಧಿ ಎಡ್ಮಂಡ್ ಡೇವಿ ಇದನ್ನು ಹೇಳಿದ್ದಾರೆ. ಕೆಲವೇ ದಿನಗಳಲ್ಲಿ ಸೋಡಾದಿಂದ ಸೋಡಿಯಂ ಸಹ ತೆಗೆದರು. ಅದಕ್ಕೆ ಇನ್ನೂ ಹೆಚ್ಚು ಬಲದ ಬ್ಯಾಟರಿ ಬೇಕಾಯಿತು.

ಈ ಲೋಹಗಳು ವಿಚಿತ್ರ. ಚಾಕುವಿನಿಂದ ಬೆಣ್ಣೆಯಂತೆ ಕೊಯ್ಯಬಹುದು. ನೀರಿಗಿಂತ ಹಗುರ. ಪೊಟ್ಯಾಸಿಯಂ ಚೂರನ್ನು ನೀರಿಗೆ ಹಾಕಿದರೆ ತೇಲುತ್ತಾ ಓಡಾಡಿ ಬದನೆ ಹೂವಿನ ಬಣ್ಣದ ಉರಿಯಿಂದ ಸುಡುತ್ತದೆ. ಗಾಳಿಗೆ ಇಡುವ ಹಾಗಿಲ್ಲ, ನೀರಿಗೆ ಇಡುವ ಹಾಗಿಲ್ಲ. ಡೇವಿ ಅವನ್ನು ಸೀಮೆಎಣ್ಣೆಯಂಥ ನ್ಯಾಫ್ತಾ ಎಣ್ಣೆಯಲ್ಲಿ ಮುಳುಗಿಸಿ ಇಟ್ಟರು.

ಇಲ್ಲಿ ಇನ್ನೊಂದು ಸಂಗತಿ ಇದೆ. ಇದನ್ನು ಬಹಳ ಪುಸ್ತಕಗಳಲ್ಲಿ ಬಿಟ್ಟಿರುತ್ತಾರೆ. ಲೋಹ ತನ್ನದೇ ಕರಗಿದ ಕ್ಷಾರವನ್ನು ಕೂಡಿದಾಗ ಆ ದ್ರವ ಗಾಢ ಬಣ್ಣಕ್ಕೆ ತಿರುಗುವುದನ್ನೂ ಡೇವಿ 1807ರಲ್ಲೇ ಗಮನಿಸಿದ್ದರು. ನಮ್ಮ ಕನ್ನಡದಲ್ಲಿ ತುಪ್ಪ ಕಾಯ್ದು ನೀರಾದರೂ ಕರಗಿತು ಅಂತೀವಿ, ಸಕ್ಕರೆ ಚಹಾದಲ್ಲಿ ಬೆರೆತರೂ ಕರಗಿತು ಅಂತೀವಿ. ಇವು ಎರಡೂ ಬೇರೆ ಬೇರೆ. ಪೊಟ್ಯಾಷ್ ಕರಗಿದ್ದು ತುಪ್ಪದ ಹಾಗೆ. ಅದರೊಳಗೆ ಪೊಟ್ಯಾಸಿಯಂ ಕರಗಿದ್ದು ಸಕ್ಕರೆಯ ಹಾಗೆ. ಅಂದರೆ ಕರೆಂಟು ಕಷ್ಟಪಟ್ಟು ಬೇರೆ ಮಾಡಿದ ಲೋಹದಲ್ಲಿ ಒಂದು ಪಾಲು ಮತ್ತೆ ಅದೇ ದ್ರವದೊಳಗೆ ಹೊಕ್ಕು ಬಿಡುತ್ತದೆ. ಗಾಣದ ಮನೆಯಲ್ಲಿ ಬೆಲ್ಲದ ಹೆಂಟೆ ಕೈ ಜಾರಿ ಕುದಿಯುವ ಕೊಪ್ಪರಿಗೆಗೆ ಬಿದ್ದರೆ ಮತ್ತೆ ಪಾಕದೊಳಗೆ ಹೋಗುತ್ತದಲ್ಲ, ಹಾಗೆ. ಆಗ ಅದರ ಬೆಲೆ ಯಾರಿಗೂ ಗೊತ್ತಾಗಲಿಲ್ಲ. ಈ ಮಾತು ನೆನಪಿಡಿ, ಮುಂದೆ ಬರುತ್ತದೆ.

ನವೆಂಬರ್ 19ರಂದು ರಾಯಲ್ ಸೊಸೈಟಿಯಲ್ಲಿ ಇದನ್ನೆಲ್ಲ ಓದಿ ಹೇಳಿದ ಕೆಲವೇ ದಿನಗಳಲ್ಲಿ ಡೇವಿ ಜಡ್ಡು ಬಿದ್ದರು. ಬದುಕುವುದೇ ಅನುಮಾನ ಎನ್ನುವಂತಾಯಿತು. ವಿಚಾರಿಸಲು ಬರುವವರು ಎಷ್ಟೆಂದರೆ ಅವರ ಆರೋಗ್ಯದ ಸುದ್ದಿಯನ್ನು ಹಾಳೆಯಲ್ಲಿ ಬರೆದು ತಿಳಿಸಬೇಕಾಯಿತು. ಅದೂ ಒಂದು ನಮೂನೆಯ ಗೋಡೆ ಪತ್ರಿಕೆ. ಎದ್ದು ಬಂದ ಮೇಲೆ 1808ರಲ್ಲಿ ಸುಣ್ಣದಿಂದ ಕ್ಯಾಲ್ಸಿಯಂ, ಜೊತೆಗೆ ಮೆಗ್ನೀಸಿಯಂ, ಸ್ಟ್ರಾನ್ಷಿಯಂ, ಬೇರಿಯಂ ತೆಗೆದರು. ಇವಕ್ಕೆ ಪಾದರಸದ ಸಹಾಯ ಬೇಕಾಯಿತು, ಆ ಉಪಾಯ ಸ್ವೀಡನ್ ದೇಶದ ಬರ್ಜೀಲಿಯಸ್ ಕಡೆಯಿಂದ ಬಂದದ್ದು. 1810ರಲ್ಲಿ ಕ್ಲೋರಿನ್ ಒಂದು ಮೂಲವಸ್ತು ಎಂದು ಹೇಳಿ ಅದಕ್ಕೆ ಆ ಹೆಸರಿಟ್ಟರು. 1812ರಲ್ಲಿ ಸರ್ ಪದವಿ ಬಂತು, ಜೇನ್ ಎಂಬ ಶ್ರೀಮಂತ ವಿಧವೆಯ ಜೊತೆ ಮದುವೆ ಆಯಿತು.

ಅದೇ ವರ್ಷ ಒಂದು ಸ್ಫೋಟಕ ಸಿಡಿದು ಡೇವಿಯವರ ಕಣ್ಣಿಗೆ ಪೆಟ್ಟಾಯಿತು. ಬರೆಯಲು ಒಬ್ಬ ಹುಡುಗ ಬೇಕಾಯಿತು. ಕಮ್ಮಾರನ ಮಗ, ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸದ ಮೈಕೆಲ್ ಫ್ಯಾರಡೆ ಆಗ ಬಂದ. ಅವನು ಡೇವಿಯವರ ಭಾಷಣ ಕೇಳಿ ಎಲ್ಲವನ್ನೂ ಚಿತ್ರ ಸಮೇತ ಬರೆದು, ತಾನೇ ರಟ್ಟು ಹಾಕಿ ಅವರಿಗೆ ಕಳಿಸಿದ್ದ. 1813ರ ಮಾರ್ಚಿನಲ್ಲಿ ಸಹಾಯಕನ ಕೆಲಸ ಸಿಕ್ಕಿತು. ಅದೇ ವರ್ಷ ಡೇವಿ ದಂಪತಿ ಯುರೋಪ್ ಪ್ರವಾಸ ಹೊರಟರು. ಫ್ರಾನ್ಸಿಗೂ ಇಂಗ್ಲೆಂಡಿಗೂ ಯುದ್ಧ ನಡೆದಿತ್ತು. ಆದರೂ ನೆಪೋಲಿಯನ್ ಇವರಿಗೆ ಒಳಗೆ ಬರಲು ಪರವಾನಗಿ ಕೊಟ್ಟ. ಪ್ಯಾರಿಸ್ಸಿನ ವಿಜ್ಞಾನಿಗಳು ಅದಕ್ಕೂ ಮೊದಲೇ ಡೇವಿಗೆ 3000 ಫ್ರಾಂಕ್ ಬಹುಮಾನ ಘೋಷಿಸಿದ್ದರು. ಪ್ರವಾಸದಲ್ಲಿ ಫ್ಯಾರಡೆ ಪ್ರಯೋಗವೂ ಮಾಡಬೇಕು, ಆಳಿನ ಕೆಲಸವೂ ಮಾಡಬೇಕು. ಲೇಡಿ ಡೇವಿ ಅವನನ್ನು ಆಳಿನಂತೆಯೇ ನಡೆಸಿಕೊಂಡರು. ಡೇವಿಯವರೂ ಒಂದು ಕಾಲದಲ್ಲಿ ಬಡವರೇ ಅಲ್ಲವೇ? ಅವರು ಯಾಕೆ ಅಡ್ಡ ಬರಲಿಲ್ಲ ಎಂದು ನನಗೆ ಸಿಟ್ಟು ಬರುತ್ತದೆ.

ಆದರೆ ದೀಪದ ವಿಷಯದಲ್ಲಿ ಡೇವಿ ನಿಜಕ್ಕೂ ದೊಡ್ಡವರು. 1812ರ ಮೇ 25ರಂದು ಫೆಲ್ಲಿಂಗ್ ಎಂಬ ಕಲ್ಲಿದ್ದಲು ಗಣಿಯಲ್ಲಿ ಅನಿಲ ಸ್ಫೋಟವಾಗಿ 92 ಜನ ಸತ್ತರು. ಅವರಲ್ಲಿ ನಮ್ಮ ವಯಸ್ಸಿನ ಮತ್ತು ನಮಗಿಂತ ಚಿಕ್ಕ ಹುಡುಗರೂ ಇದ್ದರು. ಕತ್ತಲಿಗೆ ದೀಪ ಬೇಕು, ದೀಪದಿಂದಲೇ ಅನಿಲಕ್ಕೆ ಬೆಂಕಿ. 1815ರಲ್ಲಿ ಡೇವಿ ಉರಿಯ ಸುತ್ತ ಸಣ್ಣ ತಂತಿಯ ಜಾಲರಿ ಹಾಕಿದ ದೀಪ ಮಾಡಿದರು. ಜಾಲರಿ ಶಾಖವನ್ನು ಹೀರಿ ಹರಡಿ ಬಿಡುವುದರಿಂದ ಒಳಗಿನ ಉರಿ ಹೊರಗೆ ದಾಟುವುದಿಲ್ಲ. ಅದೇ ಸಮಯಕ್ಕೆ ಜಾರ್ಜ್ ಸ್ಟೀಫನ್‌ಸನ್ ಕೂಡ ಬೇರೆ ನಮೂನೆಯ ದೀಪ ಮಾಡಿದ್ದರಿಂದ ಯಾರು ಮೊದಲು ಎಂದು ದೊಡ್ಡ ಜಗಳ ನಡೆಯಿತು. ಡೇವಿ ಆ ದೀಪಕ್ಕೆ ಪೇಟೆಂಟ್ ತೆಗೆದುಕೊಳ್ಳಲಿಲ್ಲ. ತೆಗೆದುಕೊಂಡಿದ್ದರೆ ಬಹಳ ಹಣ ಆಗುತ್ತಿತ್ತು.

1820ರಲ್ಲಿ ರಾಯಲ್ ಸೊಸೈಟಿಯ ಅಧ್ಯಕ್ಷರಾದರು. ಹಡಗಿನ ತಳಕ್ಕೆ ಹೊಡೆದ ತಾಮ್ರದ ತಗಡು ಸಮುದ್ರದ ನೀರಿಗೆ ಸವೆಯುತ್ತಿತ್ತು. ಅದಕ್ಕೆ ಸತು ಅಥವಾ ಕಬ್ಬಿಣದ ತುಂಡು ಜೋಡಿಸಿದರೆ ಅದು ಸವೆದು ತಾಮ್ರ ಉಳಿಯುತ್ತದೆ ಎಂದು ತೋರಿಸಿದರು. ತಾಮ್ರವೇನೋ ಉಳಿಯಿತು. ಆದರೆ ಸವೆದ ತಾಮ್ರದ ವಿಷದಿಂದಲೇ ದೂರ ಇರುತ್ತಿದ್ದ ಚಿಪ್ಪು ಹುಳ, ಪಾಚಿ ಈಗ ತಳಕ್ಕೆ ಮೆತ್ತಿಕೊಂಡು ಹಡಗಿನ ಓಟ ಕಡಿಮೆ ಆಯಿತು. ಜನ ನಕ್ಕರು. ಇವತ್ತು ಕಬ್ಬಿಣದ ಹಡಗು, ಪೈಪುಗಳನ್ನು ತುಕ್ಕಿನಿಂದ ಕಾಯಲು ಅದೇ ಉಪಾಯ ಬಳಸುತ್ತಾರೆ.

ನಮ್ಮ ಕಿತ್ತೂರು ಚೆನ್ನಮ್ಮ ಇಂಗ್ಲಿಷರ ಜೊತೆ ಕಾದಿದ 1824ರಲ್ಲಿ ಫ್ಯಾರಡೆಯನ್ನು ರಾಯಲ್ ಸೊಸೈಟಿಗೆ ಆರಿಸುವ ವಿಷಯ ಬಂತು. ಡೇವಿ ವಿರೋಧಿಸಿದರು. ಫ್ಯಾರಡೆ ಬೇರೆಯವರ ವಿಚಾರ ತೆಗೆದುಕೊಂಡು ತನ್ನ ಹೆಸರಲ್ಲಿ ಬರೆದ ಎಂಬ ತಪ್ಪು ಮಾತು ಆಗ ಹಬ್ಬಿತ್ತು. ಮತ ಹಾಕಿದಾಗ ವಿರುದ್ಧ ಬಿದ್ದದ್ದು ಒಂದೇ ಒಂದು. ಫ್ಯಾರಡೆ ಆರಿಸಿ ಬಂದರು. ಆಮೇಲೂ ಅವರು ಡೇವಿಯವರನ್ನು ಗೌರವದಿಂದಲೇ ನೆನೆಯುತ್ತಿದ್ದರು. ಡೇವಿಗೆ 1826ರ ಕೊನೆಗೆ ಲಕ್ವಾ ಹೊಡೆಯಿತು, ಮರುವರ್ಷ ಅಧ್ಯಕ್ಷತೆ ಬಿಟ್ಟರು. 1829ರ ಮೇ 29ರಂದು ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ ತೀರಿಕೊಂಡರು. ವಯಸ್ಸು 50. ಅಲ್ಲಿಯೇ ಮಣ್ಣು ಮಾಡಿದರು.

ಇಲ್ಲಿಗೆ ಜೀವನ ಮುಗಿಯಿತು, ಆದರೆ ಆ ಬಣ್ಣದ ದ್ರವದ ಕಥೆ ಉಳಿದಿದೆ. 1833ರಲ್ಲಿ ಫ್ಯಾರಡೆ ಗುರುವಿನ ದಾರಿಯನ್ನೇ ಮುಂದುವರಿಸಿ ಬಹಳ ಲವಣಗಳನ್ನು ಕಾಯಿಸಿ ಕರಗಿಸಿ ನೋಡಿದರು. ಗಟ್ಟಿ ಇದ್ದಾಗ ಕರೆಂಟು ಬಿಡದವು ಕರಗಿದ ಕೂಡಲೇ ಬಿಡುತ್ತವೆ. ಆಮೇಲೆ ಅವರು ಒಂದು ಲೆಕ್ಕ ಕೊಟ್ಟರು. ಎಷ್ಟು ಕರೆಂಟು ಹರಿಯಿತೋ ಅದಕ್ಕೆ ಸರಿಯಾಗಿ ಇಷ್ಟೇ ತೂಕದ ಲೋಹ ಬರಬೇಕು. ನೀರಿನ ದ್ರಾವಣಗಳಲ್ಲಿ ಲೆಕ್ಕ ಸರಿ ಬಂತು. ಆದರೆ ಕರಗಿದ ಲವಣಗಳಲ್ಲಿ ಎಷ್ಟೋ ಸಲ ತಾಳೆ ಬೀಳುತ್ತಿರಲಿಲ್ಲ, ಲೋಹ ಕಡಿಮೆ ಬರುತ್ತಿತ್ತು. ನಿಯಮವೇ ತಪ್ಪೇ? ಮುಂದೆ ರಿಚರ್ಡ್ ಲೊರೆಂಜ್ ಎಂಬುವರು ಗಾಜಿನ ಕೊಳವೆಯಲ್ಲಿ ಇದನ್ನು ಕೂತು ನೋಡಿದರು. ಲೋಹದಿಂದ ಹೊಗೆಯಂತೆ ಬಣ್ಣ ಎದ್ದು ದ್ರವದಲ್ಲಿ ಹರಡುತ್ತಿತ್ತು. ಅದಕ್ಕೆ ಲೋಹದ ಮಂಜು ಎಂದು ಹೆಸರಿಟ್ಟರು. ಆ ಮಂಜು ಇನ್ನೊಂದು ತುದಿಗೆ ಹೋಗಿ ಮತ್ತೆ ಲವಣವಾಗಿ ಬಿಡುತ್ತದೆ. ಮಂಜು ಹರಡದಂತೆ ತಡೆದಾಗ ಫ್ಯಾರಡೆಯ ಲೆಕ್ಕ ಸರಿಯಾಗಿ ಬಂತು. ಶಿಷ್ಯನ ಲೆಕ್ಕ ಕೆಡಿಸುತ್ತಿದ್ದುದು ಗುರು ಮೊದಲೇ ಕಂಡಿದ್ದ ಬಣ್ಣ! ಕೆಲವು ಲವಣಗಳಲ್ಲಿ ಹೀಗೆ ಕರಗಿದ ಲೋಹ ತನ್ನ ಎಲೆಕ್ಟ್ರಾನುಗಳನ್ನು ಸಡಿಲ ಬಿಡುವುದರಿಂದ ಆ ದ್ರವ ಸ್ವಲ್ಪ ಮಟ್ಟಿಗೆ ಲೋಹದ ತಂತಿಯಂತೆಯೇ ಕರೆಂಟು ಸಾಗಿಸುತ್ತದೆ ಎಂದು ಆಮೇಲಿನವರು ಅಳೆದಿದ್ದಾರೆ. ಹಾಗೆ ಹೋದ ಕರೆಂಟು ಲೋಹ ತೆಗೆಯುವುದಿಲ್ಲ, ಸುಮ್ಮನೆ ದಾಟಿ ಹೋಗುತ್ತದೆ. ಶಾಖ ಜಾಸ್ತಿ ಆದಷ್ಟೂ ಲೋಹ ಜಾಸ್ತಿ ಕರಗುತ್ತದೆ. ಅದಕ್ಕೇ ಉಪ್ಪಿನಿಂದ ಸೋಡಿಯಂ ತೆಗೆಯುವ ಕಾರ್ಖಾನೆಯವರು ಬೇರೆ ಲವಣ ಬೆರೆಸಿ, 801 ಡಿಗ್ರಿಗೆ ಕರಗಬೇಕಾದ ಉಪ್ಪನ್ನು ಸುಮಾರು 600 ಡಿಗ್ರಿಯಲ್ಲೇ ಕರಗಿಸಿ ಕೆಲಸ ಮಾಡುತ್ತಾರೆ.

ನಮ್ಮ ಮನೆಗಳಲ್ಲಿ ಜರ್ಮನ್ ಬೋಗುಣಿ ಇದೆಯಲ್ಲ, ಅದು ಅಲ್ಯೂಮಿನಿಯಂ. ಆ ಲೋಹವನ್ನೂ ತೆಗೆಯಲು ಡೇವಿ ಪ್ರಯತ್ನಿಸಿದ್ದರು. ಸಿಗಲಿಲ್ಲ, ಹೆಸರು ಮಾತ್ರ ಇಟ್ಟರು. 1886ರಲ್ಲಿ ಅಮೆರಿಕದ ಹಾಲ್ ಮತ್ತು ಫ್ರಾನ್ಸಿನ ಹೆರೂ ಎಂಬ ಇಬ್ಬರು ಯುವಕರು ಬೇರೆ ಬೇರೆಯಾಗಿ ಒಂದೇ ದಾರಿ ಕಂಡುಹಿಡಿದರು. ಇಬ್ಬರೂ 1863ರಲ್ಲಿ ಹುಟ್ಟಿ 1914ರಲ್ಲಿ ಸತ್ತವರು, ಇದೊಂದು ಸೋಜಿಗ. ಕ್ರಯೋಲೈಟ್ ಎಂಬ ಲವಣವನ್ನು ಕಾಯಿಸಿ ಕರಗಿಸಿ, ಅದರಲ್ಲಿ ಅಲ್ಯೂಮಿನಾ ಪುಡಿ ಹಾಕಿ, ಸುಮಾರು 960 ಡಿಗ್ರಿ ಶಾಖದಲ್ಲಿ ಕರೆಂಟು ಬಿಡುವುದು. ನಮ್ಮ ಬೆಳಗಾವಿಯ ಕಾರ್ಖಾನೆಯಲ್ಲಿ ಬಾಕ್ಸೈಟ್ ಕಲ್ಲಿನಿಂದ ಅಲ್ಯೂಮಿನಾ ಪುಡಿ ತಯಾರಾಗುತ್ತದೆ. ಒಂದು ಕಿಲೋ ಲೋಹಕ್ಕೆ ಸುಮಾರು 14 ಯುನಿಟ್ ಕರೆಂಟು ಬೇಕು. ಅದರಲ್ಲೂ ಡೇವಿ ಕಂಡ ಆ ಹಳೆಯ ತೊಂದರೆ ಇದ್ದೇ ಇದೆ. ತಳದಲ್ಲಿ ನಿಂತ ಅಲ್ಯೂಮಿನಿಯಂ ಸ್ವಲ್ಪ ಸ್ವಲ್ಪವೇ ಮೇಲಿನ ದ್ರವದಲ್ಲಿ ಕರಗಿ, ಮೇಲಿನ ಅನಿಲ ತಾಗಿ ಮತ್ತೆ ಪುಡಿಯಾಗುತ್ತದೆ. ಒಳ್ಳೆಯ ಕಾರ್ಖಾನೆಯಲ್ಲೂ 100ಕ್ಕೆ 4-6 ಪಾಲು ಕರೆಂಟು ಇದರಿಂದ ದಂಡ. ನಮ್ಮ ಮನೆಯ ಬೋಗುಣಿಯನ್ನು ಆಯಿ ಅದೇ ಬೂದಿಯಿಂದ ತಿಕ್ಕುತ್ತಾಳೆ. ಬೂದಿಯ ಕ್ಷಾರ ಅಲ್ಯೂಮಿನಿಯಂ ತಿನ್ನುತ್ತದೆ, ಬೇಡ ಆಯಿ ಎಂದು ಹೇಳಿದ್ದೇನೆ. ಕೇಳಿಲ್ಲ.

ಡೇವಿಯವರ ದೀಪದ ಚಿತ್ರವನ್ನು ಪಕ್ಕದ ಹಾಳೆಯಲ್ಲಿ ಬರೆದಿದ್ದೇನೆ. ಅಸಲು ಜಾಲರಿಯಲ್ಲಿ ಒಂದು ಇಂಚಿಗೆ 28 ತೂತು, ಅಂದರೆ ಒಂದು ಚದರ ಇಂಚಿಗೆ 784 ಇರುತ್ತಿದ್ದವು. ನನ್ನ ಪೆನ್ಸಿಲ್ ಮೊಂಡಾದ್ದರಿಂದ ಅಷ್ಟು ಬರೆದಿಲ್ಲ, ಯಾರೂ ಎಣಿಸಬಾರದಾಗಿ ವಿನಂತಿ.